ಅಣಬೆಗೆ ಹಾಕಿದ ಧೂಪ

ಕಳೆದ ಮಳೆಗಾಲ ಬೈಲಹೊಂಗಲದಲ್ಲಿ ನೆಂಟರ ಮನೆಯ ಬಸುರಿಯ ಕುಬಸದ ಊಟ ಮುಗಿಸಿ ಧಾರವಾಡದ ಬಸ್ಸು ಹತ್ತಿದ್ದೆ. ದೊಡವಾಡದಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ನಾನೂ ಇಳಿದೆ. ಮೊಣಕಾಲು ಹಿಡಿದುಕೊಂಡಿತ್ತು, ಅದಕ್ಕೆ ಇಳಿದದ್ದು. ಊರು ನೋಡಬೇಕೆಂದಲ್ಲ.

ರಸ್ತೆಯ ಪಕ್ಕದ ಹಿತ್ತಲಲ್ಲಿ ಯಾರೋ ಮಳೆಗೆ ನೆನೆದ ಬಣವೆ ಬಿಚ್ಚಿ ಹುಲ್ಲು ಹರವುತ್ತಿದ್ದರು. ಅದರ ಹೊಟ್ಟೆಯಿಂದ ಬೆಚ್ಚನೆಯ ಹಬೆ, ಹುಳಿ ಹುಳಿ ವಾಸನೆ. ಅದರ ಬೆನ್ನಿಗೇ ಯಾವುದೋ ಮನೆಯಿಂದ ಲೋಬಾನದ ಹೊಗೆ. ಬೇರೆ ಬೇರೆಯಾಗಿ ಬಂದಿದ್ದರೆ ನಾನು ಚಹಾ ಕುಡಿದು ಬಸ್ಸು ಹತ್ತುತ್ತಿದ್ದೆ. ಎರಡೂ ಕೂಡಿ ಬಂದವು. ಕೈಯಲ್ಲಿದ್ದ ಚಹಾ ಆರಿಹೋಯಿತು.

ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲ ನಾನು ಈ ಊರಲ್ಲಿ ಗ್ರಾಮಸೇವಕನಾಗಿದ್ದೆ. ನಮ್ಮದು ಮುರಗೋಡದ ಪೌರೋಹಿತ್ಯದ ಮನೆತನ. ಅಜ್ಜ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದ, ಅಪ್ಪ ಸಾಲಿ ಮಾಸ್ತರನಾಗಿ ಮಗ್ಗಿ ಹೇಳುತ್ತಿದ್ದ, ನಾನು ಯೂರಿಯಾ ಎಷ್ಟು ಹಾಕಬೇಕೆಂದು ಹೇಳುತ್ತಿದ್ದೆ. ಹೇಳುವುದೇ ನಮ್ಮ ಮನೆತನದ ಕಸುಬು. ಮಾಡುವವರು ಯಾವಾಗಲೂ ಬೇರೆಯವರು.

ಆ ವರ್ಷ ಜ್ಯೇಷ್ಠದಲ್ಲಿ ನನ್ನ ಹೆಂಡತಿ ವತ್ಸಲಾ ರಾಮದುರ್ಗದ ತವರುಮನೆಯಲ್ಲಿ ಹೆತ್ತಳು. ಹೆಣ್ಣು ಕೂಸು. ಕೂಸು ಉಳಿಯಿತು, ಆಕೆ ಉಳಿಯಲಿಲ್ಲ. ಹೆತ್ತ ಮೇಲೆ ಜ್ವರ ಏರಿ ಇಳಿಯಲೇ ಇಲ್ಲ. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ಮಾಡುವುದನ್ನೆಲ್ಲ ಮಾಡಿದರು. ನಾನು ಪಡಸಾಲೆಯಲ್ಲಿ ಕೂತಿದ್ದೆ. ಬಾಣಂತಿಯ ಕೋಣೆಗೆ ಗಂಡಸರು ಹೋಗುವ ರೂಢಿ ಇರಲಿಲ್ಲ. ಒಳಗೆ ಅಗ್ಗಿಷ್ಟಿಕೆ ಇಟ್ಟು ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಧೂಪ ಹಾಕಿದ್ದರು, ಬಾಗಿಲ ಸಂದಿಯಿಂದ ಹೊಗೆ ಹೊರಗೆ ಬರುತ್ತಿತ್ತು. “ಅವ್ವಾ, ಒಂಚೂರು ಬಾಗಲಾ ತೆಗಿ,” ಎಂದು ವತ್ಸಲಾ ಅಂದದ್ದು ಕೇಳಿಸಿತು. “ಗಾಳಿ ತಾಕತದವಾ, ಸುಮ್ಮನ ಮಲಗು,” ಎಂದು ಅತ್ತೆ ಅಂದರು. ನಾನು ಕೇಳಿದ ಆಕೆಯ ಕಡೆಯ ಮಾತು ಅದು. ಹೊಗೆಯಿಂದ ಸತ್ತಳೆಂದು ನಾನು ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಅಂದುಕೊಳ್ಳುವುದಿಲ್ಲ.

ದಿನಕರ್ಮ ಮುಗಿಸಿ ದೊಡವಾಡಕ್ಕೆ ಬಂದು ಕೆಲಸಕ್ಕೆ ಹಾಜರಾದೆ. ಗಟ್ಟಿ ಮನುಷ್ಯ ಎಂದು ಜನ ಅಂದರು. ಗಟ್ಟಿಯೂ ಅಲ್ಲ, ಏನೂ ಅಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ರೊಟ್ಟಿ ಮುರಿದು ಬಾಯಿಗೆ ಇಡುತ್ತಿದ್ದೆ, ತಾಟು ಬರಿದಾದಾಗ ಊಟ ಆಯಿತೆಂದು ತಿಳಿಯುತ್ತಿತ್ತು. ಮಳೆ ಬಂದರೆ ಅಂಗಿ ಒದ್ದೆಯಾಗಿದೆ ಎಂದು ಯಾರಾದರೂ ಹೇಳಬೇಕಾಗುತ್ತಿತ್ತು. ಅಳು ಬರುತ್ತದೆಂದು ಕೆಲವು ದಿನ ಕಾದೆ, ಆಮೇಲೆ ಕಾಯುವುದನ್ನೂ ಬಿಟ್ಟೆ.

ಅಂಥ ಹೊತ್ತಿಗೆ ಮೇಲಿನಿಂದ ಅಣಬೆಯ ಆರ್ಡರು ಬಂತು. ಧಾರವಾಡಕ್ಕೆ ಕರೆದು ತರಬೇತಿ ಕೊಟ್ಟು, ಬಾಯಿಗೆ ಅರಳೆ ತುರುಕಿದ ಕೆಲವು ಗಾಜಿನ ಬಾಟಲಿಗಳನ್ನು ಕೈಗಿತ್ತರು. ಒಳಗೆ ಬೂಸಲು ಹತ್ತಿದ ಹುಲ್ಲಿನ ಚೂರು. ಅದೇ ಬೀಜವಂತೆ. ಹೊಲವಿಲ್ಲದವರೂ ಮನೆಯಲ್ಲೇ ಹುಲ್ಲಿನ ಮೇಲೆ ಇದನ್ನು ಬೆಳೆದು ತಿನ್ನಬಹುದು, ಜನಕ್ಕೆ ತಿಳಿಸಿ ಹೇಳಿ ಎಂದರು. ಬಾಟಲಿಗಳನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಕಟ್ಟೆಯ ಮೇಲೆ ಮಾತು ತೆಗೆದಾಗ ಹಿರಿಯರೊಬ್ಬರು, “ಅಣಬಿ ಅಂದ್ರ ನಾಯಿಕೊಡಿ ಏನ್ರಿ?” ಎಂದರು.

“ಹೌದ್ರಿ. ಆದ್ರ ಇದು ತಿನ್ನೂದು.”

“ನೀವು ತಿಂತೀರೇನ್ರಿ ರಾಯರ?”

“ಇಲ್ರಿ.”

“ಮತ್ತ ನಮಗ್ಯಾಕ ತಿನಸಾಕ ಹೊಂಟೀರಿ?”

ಕಟ್ಟೆ ತುಂಬ ನಗೆ. ಊರಲ್ಲಿ ಹೆಚ್ಚಿನ ಮನೆಗಳು ಲಿಂಗಾಯತರವು, ಅಣಬೆಯನ್ನು ಮಾಂಸದ ಸಾಲಿಗೇ ಸೇರಿಸಿದವರು. ನಮ್ಮ ಮನೆಯಲ್ಲೂ ಹಾಗೆಯೇ. ಬ್ರಾಹ್ಮಣನೊಬ್ಬ ಲಿಂಗಾಯತರಿಗೆ ಅಣಬೆ ತಿನ್ನಲು ಹೇಳುತ್ತಿರುವುದು ಮೊದಲಿನ ದಿನಗಳಾಗಿದ್ದರೆ ನನಗೂ ನಗು ತರುತ್ತಿತ್ತು.

ಕೊನೆಗೆ ಒಪ್ಪಿದವಳು ಹಜರತಬಿ. ಚಕ್ಕಡಿ ಹೊಡೆಯುವ ಇಮಾಮಸಾಬನ ಹೆಂಡತಿ, ಆರು ಮಕ್ಕಳ ತಾಯಿ, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು. ನಾನು ಬಾಡಿಗೆಗಿದ್ದ ಮನೆಯ ಹಿಂದಿನ ಓಣಿಯಲ್ಲೇ ಅವರ ಮನೆ.

“ಹಿತ್ತಲದಾಗ ಕಟಗಿ ಇಡೂ ಖೋಲಿ ಐತ್ರಿ ರಾಯರ. ನಾ ಮಾಡತೇನಿ,” ಅಂದಳು. “ಮಾಂಸ ತರೂದು ಹಬ್ಬಕ್ಕಷ್ಟ. ಹುಡುಗರು ದಿನಾ ಕೇಳತಾವ. ಮತ್ತ ಹೊಲ ಚಕ್ಕಡಿ ಎಲ್ಲಾ ಇವರದು, ಇದಾದ್ರೂ ನಂದಂತ ಒಂದಿರಲಿ.”

ಬೇಕಾದದ್ದು ಭತ್ತದ ಹುಲ್ಲು. ನಮ್ಮ ಎರೆಭೂಮಿಯಲ್ಲಿ ಜೋಳದ ಕಣಿಕೆ ಬೇಕಾದಷ್ಟು, ಭತ್ತದ ಹುಲ್ಲು ಎಲ್ಲಿಂದ ಬರಬೇಕು? ಇಮಾಮಸಾಬ ಕಿತ್ತೂರಿನ ಕಡೆಗೆ ಚಕ್ಕಡಿ ಹೂಡಿಕೊಂಡು ಹೋಗಿ ತಂದ. ಹುಲ್ಲು ಬೇಯಿಸಿ ನಾಯಿಕೊಡೆ ಬೆಳೆಯುತ್ತಾರಂತೆ ಎಂದು ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಎತ್ತುಗಳು ಹೊಸ ಹುಲ್ಲಿನ ಕಡೆಗೆ ಕತ್ತು ಚಾಚಿ ನಿಂತವು.

ಹುಲ್ಲನ್ನು ಕೈಹಿಡಿ ಗಾತ್ರದ ಕಟ್ಟು ಮಾಡಿ, ದನ ನೀರು ಕುಡಿಯುವ ಕಲ್ಲಿನ ಬಾನಿಯಲ್ಲಿ ನೆನೆಹಾಕಿದೆವು. ಮರುದಿನ ಹಂಡೆಯ ಕುದಿನೀರಿನಲ್ಲಿ ಒಂದೊಂದೇ ಕಟ್ಟನ್ನು ಅದ್ದಿ ತೆಗೆಯಬೇಕು. ನಾನು ಕಟ್ಟಿನ ಜೊತೆಗೆ ಕೈಯನ್ನೂ ಅದ್ದಿದೆ. ಅದ್ದಿದ್ದು ನನಗೆ ಗೊತ್ತಾಗಲಿಲ್ಲ. ಹಜರತಬಿ ರಟ್ಟೆ ಹಿಡಿದು ಎಳೆದಳು.

“ಕೈ ನಿಮ್ದ ಐತಿಲ್ಲೋ ರಾಯರ?”

ನೋಡಿದೆ. ಬೆರಳು ಕೆಂಪಾಗಿದ್ದವು. ಆಕೆ ಒಳಗಿನಿಂದ ಎಣ್ಣೆ ತಂದು ಹಚ್ಚಿದಳು. ಉರಿಯುತ್ತದೇನು ಎಂದು ಕೇಳಿದಳು. ಇಲ್ಲ ಅಂದೆ. ಸುಳ್ಳು ಹೇಳಿರಲಿಲ್ಲ. ಆಕೆ ಉಳಿದ ಕಟ್ಟುಗಳನ್ನು ತಾನೇ ಅದ್ದಿದಳು.

ಖೋಲಿಯಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಕಟ್ಟುಗಳನ್ನು ಅಡ್ಡಡ್ಡ ಉದ್ದುದ್ದ ಪೇರಿಸಿ, ಪದರು ಪದರಿಗೆ ಬೀಜ ಮತ್ತು ತೊಗರಿಬೇಳೆಯ ಪುಡಿ ಉದುರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು. ಇನ್ನು ಹೇಗೆ ನೋಡಿಕೊಳ್ಳಬೇಕೆಂದು ಆಕೆ ಕೇಳಿದಳು. ಧಾರವಾಡದಲ್ಲಿ ಉಷ್ಣಾಂಶ, ಆರ್ದ್ರತೆ ಎಂದೆಲ್ಲ ಬರೆಸಿದ್ದರು. ಅದನ್ನು ಈಕೆಗೆ ಹೇಳಿ ಏನು ಉಪಯೋಗ?

“ಗಾಳಿ ಆಡಬಾರದು, ಬೆಳಕು ಬೀಳಬಾರದು, ಬೆಚ್ಚಗಿರಬೇಕು. ಬಾಣಂತಿ ಖೋಲಿ ಇದ್ದಂಗ ಇಡ್ರಿ,” ಅಂದೆ.

ಆಡಿದ ಮೇಲೆ ಏನು ಆಡಿದೆನೆಂದು ಗಮನಕ್ಕೆ ಬಂತು. ಎದೆಯಲ್ಲಿ ಏನಾದರೂ ಆದೀತೆಂದು ನಿಂತೆ. ಏನೂ ಆಗಲಿಲ್ಲ.

“ಅಷ್ಟ ಏನ್ರಿ? ಅದನ್ನ ನನಗ ಬಿಡ್ರಿ,” ಅಂದಳು ಹಜರತಬಿ.

ಅದೇ ವಾರ ರಾಮದುರ್ಗದಿಂದ ಅತ್ತೆಯ ಕಾರ್ಡು ಬಂತು. ವತ್ಸಲಾಳ ಅಕ್ಕ ಪದ್ಮಕ್ಕನನ್ನು ಅದೇ ಊರಿಗೆ ಕೊಟ್ಟಿದ್ದರು. ಮದುವೆಯಾಗಿ ಎಷ್ಟೋ ವರ್ಷವಾದರೂ ಆಕೆಗೆ ಮಕ್ಕಳಾಗಿರಲಿಲ್ಲ. ಕೂಸು ಹುಟ್ಟಿದಂದಿನಿಂದ ತಾಯಿಯ ಮನೆಯಲ್ಲೇ ಇದ್ದು ಒಳಲೆಯಿಂದ ಹಾಲು ಕುಡಿಸುತ್ತಿದ್ದವಳು ಅವಳೇ. ಕೂಸನ್ನು ಪದ್ಮಕ್ಕನಿಗೇ ದತ್ತು ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ದಸರೆ ಕಳೆದ ಮೇಲೆ ಒಳ್ಳೆಯ ದಿನ ಇದೆ, ತಂದೆಯೇ ಕೈಯಾರೆ ಉಡಿಯಲ್ಲಿ ಹಾಕಬೇಕು, ಬಂದು ಹೋಗಿ ಎಂದು ಅತ್ತೆ ಬರೆಸಿದ್ದರು. ಹಳ್ಳಿಯಲ್ಲಿ ಒಂಟಿ ಗಂಡಸು ಹೆಣ್ಣುಕೂಸನ್ನು ಹೇಗೆ ಸಾಕಿಯಾನು? ತಿಳಿದವರೆಲ್ಲ ಸರಿ ಅಂದರು. ನನಗೆ ಸರಿಯೂ ಅನ್ನಿಸಲಿಲ್ಲ, ತಪ್ಪೂ ಅನ್ನಿಸಲಿಲ್ಲ. ಆಗಲಿ ಎಂದು ಬರೆದು ಹಾಕಿದೆ.

ದಿನಾಲೂ ಸಂಜೆ ಹಜರತಬಿಯ ಮನೆಗೆ ಹೋಗುತ್ತಿದ್ದೆ. ಹೋಗಲು ಬೇರೆ ಮನೆಯೂ ಇರಲಿಲ್ಲ. ಕೆಲವು ದಿನಕ್ಕೆ ಹಾಳೆಯ ಕೆಳಗೆ ಹುಲ್ಲಿನ ತುಂಬ ಬಿಳಿ ಎಳೆ ಹಬ್ಬಿದವು. “ಅರಳಿ ಹಿಂಜಿ ಹಾಸಿದಂಗ ಆಗೇತಿ ನೋಡ್ರಿ,” ಎಂದು ಆಕೆ ಓಣಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆತಂದು ತೋರಿಸಿದಳು. ತಿನ್ನುವುದಿಲ್ಲ ಎಂದವರು ನೋಡಲಂತೂ ಬಂದರು. ನಗುವುದು ಕಡಿಮೆಯಾಯಿತು.

ಒಂದು ಸಂಜೆ ಆಕೆ ಕೇಳಿದಳು, “ಕೂಸಿಗೆ ಹೆಸರೇನಿಟ್ಟೀರಿ?”

“ಇನ್ನೂ ಇಟ್ಟಿಲ್ಲ. ಅವರ ಇಡತಾರ.”

“ಅವರಂದ್ರ?”

ಹೇಳಿದೆ. ಜೋಳ ಹಸನು ಮಾಡುತ್ತಿದ್ದ ಆಕೆಯ ಕೈ ನಿಂತಿತು.

“ಅವರು ಚಲೋ ಮಂದಿ ಏನ್ರಿ?”

“ಭಾಳ ಚಲೋ.”

“ಹಂಗಾದ್ರ ಕೂಸಿಗೇನೂ ಕಡಿಮಿಲ್ಲ ಬಿಡ್ರಿ.” ಮತ್ತೆ ಮೊರ ಕೇರಿದಳು. ಆಮೇಲೆ ಮೊರದ ಕಡೆಗೇ ನೋಡುತ್ತ, “ನೀವು ಒಮ್ಮೆಯಾದ್ರೂ ಎತಗೊಂಡೀರೇನು?” ಎಂದಳು.

“ಇಲ್ಲ.”

ಆಕೆ ಮೊರ ಬದಿಗಿಟ್ಟಳು. ಚಹಾ ಮಾಡಿ ಕೊಟ್ಟಳು. ಕುಡಿದು ಬಂದೆ.

ಹುಲ್ಲಿನಲ್ಲಿ ಗುಂಡುಸೂಜಿಯ ತಲೆಯಷ್ಟು ಮೊಳಕೆ ಕಂಡ ದಿನವೇ ನನಗೆ ಬೈಲಹೊಂಗಲದಿಂದ ಕರೆ ಬಂತು. ಮೀಟಿಂಗು, ಅದಾದ ಮೇಲೆ ಸವದತ್ತಿಯ ಕಡೆಗೆ ಬೀಜ ಹಂಚುವ ಕೆಲಸ. ವಾರ ಕಳೆದು ಊರಿಗೆ ಬಂದು ಓಣಿಗೆ ಕಾಲಿಟ್ಟರೆ ಲೋಬಾನದ ಘಾಟು. ಯಾರದೋ ಮನೆಯಲ್ಲಿ ಹೆರಿಗೆಯಾಗಿದೆ ಅಂದುಕೊಂಡೆ. ಹಜರತಬಿಯ ಹಿತ್ತಲಿಗೆ ಹೋದರೆ ಹೊಗೆ ಬರುತ್ತಿದ್ದದ್ದು ಆ ಖೋಲಿಯಿಂದಲೇ.

ಕಿಟಕಿಗೆ ಗೋಣಿತಟ್ಟು ತುರುಕಿತ್ತು. ಬಿದಿರಿನ ಅಟ್ಟಣೆಯ ಕೆಳಗೆ, ಬಾಣಂತಿಯ ಹೊರಸಿನ ಕೆಳಗೆ ಇಡುವ ಹಾಗೆಯೇ, ಅಗ್ಗಿಷ್ಟಿಕೆ. ಸಗಣಿ ಕುಳ್ಳಿನ ಕೆಂಡ, ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ. ಧೂಪ ಚೆನ್ನಾಗಿ ತಾಕಲೆಂದು ಪ್ಲಾಸ್ಟಿಕ್ ಹಾಳೆಯನ್ನು ತೆಗೆದು ಮಡಿಚಿ ಇಟ್ಟಿದ್ದಳು. ಅಟ್ಟಣೆಯ ಮೂಲೆಗೆ ದೃಷ್ಟಿಯಾಗದಿರಲೆಂದು ಕರಿದಾರ. ಮೊಳಕೆಗಳೆಲ್ಲ ಕಂದಿ ಒಣಗಿದ ಬಾರಿಹಣ್ಣಿನಂತೆ ಮುದುಡಿದ್ದವು. ಹುಲ್ಲು ಮುಟ್ಟಿದರೆ ಗರಗರ ಅಂತಿತ್ತು.

“ಯಾಕೋ ಬೆಳೀವಲ್ವು ರಾಯರ,” ಅಂದಳು. “ನೀವು ಹೇಳಿದಂಗ ಇಟ್ಟೇನಿ. ಮುಂಜಾನೆ ಸಂಜಿ ಧೂಪ ತಪ್ಪಿಸಿಲ್ಲ.”

“ಧೂಪ ಯಾಕ?”

“ಬಾಣಂತಿ ಖೋಲಿ ಅಂದ್ರಲ್ರಿ. ಧೂಪ ಇಲ್ಲದ ಬಾಣಂತಿ ಖೋಲಿ ಎಲ್ಲೈತ್ರಿ? ಆರು ಮಕ್ಕಳಿಗೆ ಹಾಕೇನಿ, ಒಂದಕ್ಕೂ ನೆಗಡಿ ಬಂದಿಲ್ಲ.”

“ಇದಕ್ಕ ಹೊಗಿ ಆಗೂದಿಲ್ಲ.”

“ಹಂಗಂತ ಮದ್ಲ ಹೇಳಬೇಕಲ್ಲ.”

ಅಂಗಳದಿಂದ ಇಮಾಮಸಾಬ, “ಇನ್ನ ತೊಟ್ಟಲಾ ಕಟ್ಟೂದೊಂದ ಉಳದಿತ್ರಿ ರಾಯರ,” ಎಂದು ನಕ್ಕ. ಹಜರತಬಿ ನಗಲಿಲ್ಲ. ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. “ಚಲೋ ಆಗಲಿ ಅಂತ ಮಾಡಿದ್ನಲ್ರಿ,” ಅಂದಳು. ರಾಮದುರ್ಗದ ಆ ಕೋಣೆಯಲ್ಲಿದ್ದವರೂ ಚಲೋ ಆಗಲಿ ಎಂದೇ ಎಲ್ಲ ಮಾಡಿದ್ದರು. ನಾನು ಕಿಟಕಿಯ ಗೋಣಿತಟ್ಟು ಕಿತ್ತೆ. ಹೊಗೆ ನಿಧಾನಕ್ಕೆ ಹೊರಗೆ ಹೋಯಿತು.

ನನ್ನ ಹತ್ತಿರ ಒಂದು ಬಾಟಲಿ ಉಳಿದಿತ್ತು. ಆಕೆ ಕೇಳಿದಳು, ಕೊಟ್ಟೆ. ಈ ಸಲ ಧೂಪವಿಲ್ಲ. ಹಾಳೆ ಹೊದಿಸಿ, ಎಳೆ ಹಬ್ಬಿದ ಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಬಾಗಿಲು ತೆರೆದಿಟ್ಟು, ಅಂಗೈಯಿಂದ ನೀರು ಚಿಮುಕಿಸಿದಳು. ಒಳಗೆ ಹೋಗುವಾಗ ಮಕ್ಕಳಿಗೆ ಸದ್ದು ಮಾಡಬೇಡಿರೆಂದು ಗದರಿಸುವುದನ್ನು ಮಾತ್ರ ಬಿಡಲಿಲ್ಲ.

ದಸರೆ ಕಳೆದು ನಾನು ರಾಮದುರ್ಗಕ್ಕೆ ಹೊರಡುವ ದಿನ ಮುಂಜಾನೆ ಆಕೆಯ ದೊಡ್ಡ ಮಗಳು ಓಡಿ ಬಂದು ಕರೆದಳು. ಹೋಗಿ ನೋಡಿದರೆ ಹುಲ್ಲಿನ ಮೈತುಂಬ ಪಾರಿವಾಳದ ತತ್ತಿಯಷ್ಟು ಅಣಬೆ. ಕೆಲವು ಆಗಲೇ ಒಡೆದು ಕೊಡೆ ಬಿಚ್ಚಲು ನೋಡುತ್ತಿದ್ದವು. ಹಜರತಬಿ ಮಾತಾಡದೆ ಬುಟ್ಟಿಗೆ ಬಿಡಿಸಿದಳು. ಕೆಂಪುಖಾರ ಹಾಕಿ ಒಗ್ಗರಿಸಿದಳು. ಮಕ್ಕಳೆಲ್ಲ ತಾಟಿನ ಮುಂದೆ ಕೂತವು.

“ನಿಮಗ ಕೊಡಂಗಿಲ್ರಿ. ನಿಮ್ಮ ಕುಲಾ ಕೆಡಿಸಿದ ಪಾಪ ನನಗ ಬ್ಯಾಡ,” ಅಂದಳು.

“ಬೆಳಸಾಕ ಹೇಳಿದಾಂವ ನಾನು. ಕೊಡ್ರಿ.”

ಒಂದು ತುಂಡು ಬಾಯಿಗೆ ಇಟ್ಟೆ. ಮೆತ್ತಗಿತ್ತು. ಖಾರವಿತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಕಟ್ಟೆಯ ಹಿರಿಯರಿಗೆ ಮುಂದೆ ಉತ್ತರ ಹೇಳಲಾದರೂ ಬಂತು, ಅಷ್ಟೇ.

ರಾಮದುರ್ಗ ಮುಟ್ಟಿದಾಗ ಸಂಜೆ. ಮಲಪ್ರಭೆ ಇನ್ನೂ ಕೆಂಪಗೆ ಹರಿಯುತ್ತಿದ್ದಳು. ಮರುದಿನದ ಕಾರ್ಯಕ್ಕೆ ಅತ್ತೆಯ ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಪದ್ಮಕ್ಕ ಕೂಸಿನ ತಲೆಗೆಂದು ಹೊಲಿದ ಹೊಸ ಕುಂಚಿಗೆ ಗೂಟಕ್ಕೆ ತೂಗುತ್ತಿತ್ತು, ಅಂಚಿಗೆ ಹಸಿರು ಗೋಟು. ಮುಖ ತೊಳೆದು ಪಡಸಾಲೆಯಲ್ಲಿ ಕೂತೆ, ಜ್ಯೇಷ್ಠದಲ್ಲಿ ಕೂತ ಜಾಗದಲ್ಲೇ. ಒಳಗೆ ಅದೇ ಕೋಣೆಯಲ್ಲಿ ಕೂಸಿಗೆ ನೀರೆರೆದು ಧೂಪ ಹಾಕುತ್ತಿದ್ದರು. ಬಾಗಿಲು ಹಾಕಿತ್ತು. ಸಂದಿಯಿಂದ ಹೊಗೆ ಬಂತು. ಕೂಸು ಕೆಮ್ಮಿತು. ಮತ್ತೆ ಕೆಮ್ಮಿತು.

ಎದ್ದು ಬಾಗಿಲು ತಳ್ಳಿದೆ.

“ಬಾಗಲಾ ತೆಗೀರಿ,” ಅಂದೆ. ಬಾಗಿಲು ತೆಗೆದು ಒಳಗೆ ಬಂದು ನಿಂತಿದ್ದರೂ ಹಾಗೆ ಅಂದೆ.

“ಗಾಳಿ ತಾಕತದ ಶ್ರೀಧರರಾವ್. ಇನ್ನೊಂದೀಟು ಹಾಕೂದದ,” ಎಂದರು ಅತ್ತೆ.

“ಸಾಕು. ಹೊಗಿ ಆಗೂದಿಲ್ಲ.”

ಬಗ್ಗಿ ಎರಡೂ ಕೈಯಿಂದ ಅಗ್ಗಿಷ್ಟಿಕೆ ಎತ್ತಿದೆ. ಅಂಗಳಕ್ಕೆ ಒಯ್ದು ಇಡುವಷ್ಟರಲ್ಲಿ ಬಾಯಿಂದ ಅಯ್ಯೋ ಎಂದು ಬಂತು. ಕೈ ಸುಟ್ಟಿತ್ತು. ಸುಟ್ಟದ್ದು ನನಗೆ ಗೊತ್ತಾಯಿತು. ಎಷ್ಟೋ ತಿಂಗಳ ಮೇಲೆ ನನ್ನ ಮೈಗೆ ಏನೋ ಒಂದು ಗೊತ್ತಾಯಿತು. ಅತ್ತೆ ತಂಬಿಗೆಯ ನೀರು ಸುರಿದರು. ನೀರಿನ ಕೆಳಗೆ ಕೈ ಹಿಡಿದುಕೊಂಡೇ ನಾನು, “ನಾಳೆ ಕೊಡೂದಿಲ್ಲ ಅತ್ತೀ. ಕೂಸಿನ್ನ ನಾನು ಒಯ್ತೀನಿ,” ಅಂದೆ.

“ಎಲ್ಲಿಗೆ?”

“ದೊಡವಾಡಕ್ಕ.”

“ಅಲ್ಲಿ ಯಾರು ನೋಡವರು?”

“ನೀವು ಬರ್ರಿ.”

ಅತ್ತೆ ಕೋಣೆಯ ಕಡೆಗೆ ತಿರುಗಿದರು. ಬಾಗಿಲಲ್ಲಿ ಪದ್ಮಕ್ಕ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಆಕೆ ಜಗಳ ತೆಗೆದಿದ್ದರೆ ನಾನು ಬಹುಶಃ ಸುಮ್ಮನಾಗುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಆಮೇಲೆ ಪಡಸಾಲೆಗೆ ಬಂದು, “ಕೂಡ್ರಿ,” ಅಂದಳು. ಕೂತೆ. ನಾನು ಅವಳ ಉಡಿಯಲ್ಲಿ ಹಾಕಬೇಕಾದ ಕೂಸನ್ನು ಅವಳು ನನ್ನ ತೊಡೆಯ ಮೇಲೆ ಹಾಕಿದಳು.

“ಕುತ್ತಿಗಿ ಕೆಳಗ ಕೈ ಕೊಡ್ರಿ. ಹಂಗಲ್ಲ, ಹಿಂಗ.”

ಪ್ರೀತಿ ಉಕ್ಕಿ ಬಂತೆಂದು ಬರೆದರೆ ಸುಳ್ಳಾದೀತು. ಅದು ಬರಲು ಇನ್ನೂ ತಡವಿತ್ತು. ಸುಟ್ಟ ಅಂಗೈ ಮೇಲೆ ಕೂಸಿನ ಕುತ್ತಿಗೆಯ ಭಾರ ಬಿದ್ದು ಉರಿಯುತ್ತಿತ್ತು, ನಾನು ಕೈ ತೆಗೆಯಲಿಲ್ಲ. ಪದ್ಮಕ್ಕ ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಬರಲಿಲ್ಲ.

ಮೂರನೆಯ ದಿನ ಅತ್ತೆ ಟ್ರಂಕು ಕಟ್ಟಿಕೊಂಡು ನನ್ನ ಸಂಗಡ ಬಸ್ಸು ಹತ್ತಿದರು. ಪದ್ಮಕ್ಕ ಬಸ್ ಸ್ಟ್ಯಾಂಡಿಗೆ ಬಂದು, ಹಸಿರು ಗೋಟಿನ ಕುಂಚಿಗೆಯನ್ನು ಕಿಟಕಿಯೊಳಗಿಂದಲೇ ಕೂಸಿಗೆ ಕಟ್ಟಿದಳು. “ಕಿವಿ ಮುಚ್ಚಿರಲಿ,” ಅಂದಳು. ಬಸ್ಸು ಹೊರಟರೂ ಆಕೆಯ ಕೈ ಸ್ವಲ್ಪ ಹೊತ್ತು ಕಿಟಕಿಯ ಸರಳಿನ ಮೇಲೆ ಇತ್ತು.

ದೊಡವಾಡದಲ್ಲಿ ಇಳಿದು ಓಣಿಗೆ ಬಂದಾಗ ಹಜರತಬಿ ಅಂಗಳದಲ್ಲಿ ಹುಲ್ಲಿನ ಕಟ್ಟು ನೆನೆಹಾಕುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ಎದ್ದಳು. ಕೈ ಒರೆಸಿಕೊಂಡು ಕೂಸನ್ನು ಇಸಿದುಕೊಂಡು, ಕುಂಚಿಗೆ ಸರಿಸಿ, ನೆತ್ತಿಯನ್ನು ಮೂಸಿ ನೋಡಿದಳು.

“ಧೂಪ ಹಾಕ್ಯಾರ,” ಅಂದಳು. “ಇದಕ್ಕ ಹಾಕಬೇಕ್ರಿ ರಾಯರ. ಆದ್ರ ಬಾಗಲಾ ತಗದಿಟ್ಟ ಹಾಕೋಣು.”